ತೂಕದಮ್ಮನ ಚುಕ್ಕೆಗಳು

ನಮ್ಮ ದೊಡ್ಡಮ್ಮನಿಗೆ ಬೀದಿಯ ಮಕ್ಕಳಿಟ್ಟ ಹೆಸರು ತೂಕದಮ್ಮ. ಹೆಗಲಿಗೆ ತಕ್ಕಡಿ ನೇತುಹಾಕಿಕೊಂಡು ಮನೆಮನೆಗೆ ಹೋಗಿ ಕೂಸುಗಳನ್ನು ತೂಗುವುದು, ಬಸುರಿಯರಿಗೆ ಮಾತ್ರೆ ಕೊಡುವುದು, ನೋವು ಬಂದರೆ ಆಸ್ಪತ್ರೆಗೆ ಕರೆದೊಯ್ಯುವುದು ಅವಳ ಕೆಲಸ. ಸರ್ಕಾರ ಅವಳನ್ನು ಸ್ವಯಂಸೇವಕಿ ಅನ್ನುತ್ತದೆ. ತಪ್ಪಾದಾಗ ಮಾತ್ರ ಅವಳು ನೌಕರಳು!

ಗಂಡನಿಗೂ ಹೇಳದ್ದನ್ನು ಹೆಂಗಸರು ಅವಳಿಗೆ ಹೇಳುತ್ತಿದ್ದರು. ಅಂಥದ್ದನ್ನು ಅವಳು ಬರೆಯುತ್ತಿರಲಿಲ್ಲ. ರಿಜಿಸ್ಟರಿನಲ್ಲಿ ಹೆಸರಿನ ಪಕ್ಕ ಪೆನ್ಸಿಲಿನ ಒಂದು ಚುಕ್ಕೆ, ಅಷ್ಟೇ. ಯಾವ ಚುಕ್ಕೆಗೆ ಏನರ್ಥ ಅಂತ ನನ್ನಮ್ಮ ಒಮ್ಮೆ ಕೇಳಿದ್ದಕ್ಕೆ, "ನಿನ್ ಕೆಲ್ಸ ನೋಡ್ಕೊಳ್ಳೇ" ಅಂದಿದ್ದಳು.

ಹಿಂದಿನ ಬೀದಿಯ ಹೊಲಿಗೆಯವಳಿಗೂ ಅಂಥದೊಂದು ಚುಕ್ಕೆಯಿತ್ತು. ಎರಡನೆಯ ಹೆರಿಗೆಯಲ್ಲಿ ರಕ್ತ ನಿಲ್ಲದೆ ಸಾಯುವುದರಲ್ಲಿದ್ದಳು. ಮೂರನೆಯದಾದರೆ ಜೀವಕ್ಕೇ ಅಪಾಯ ಎಂದಿದ್ದರು ಡಾಕ್ಟರು. ಗಂಡನಿಗೋ ಗಂಡುಮಗು ಬೇಕು. ನೂಲು ತರುತ್ತೇನೆಂದು ಹೊರಟು, ಮೂರು ತಿಂಗಳಿಗೊಮ್ಮೆ ಮಕ್ಕಳಾಗದ ಚುಚ್ಚುಮದ್ದು ಹಾಕಿಸಿಕೊಂಡು ಬರುತ್ತಿದ್ದಳು.

ಹೋದ ವರ್ಷ ಕಚೇರಿಯವರು ರಿಜಿಸ್ಟರು ತೆಗೆದುಕೊಂಡು ಫೋನು ಕೊಟ್ಟರು. ಅದರಲ್ಲಿ ಚುಕ್ಕೆಗೆ ಜಾಗವಿಲ್ಲ, ಎಲ್ಲ ಬಿಡಿಸಿ ತುಂಬಬೇಕು. ದೊಡ್ಡಮ್ಮ ಹೆದರಿ ಮೇಲ್ವಿಚಾರಕಿಯನ್ನು ಕೇಳಿದಳು.

"ಇದನ್ನ ಯಾರ್ಯಾರು ನೋಡ್ತಾರೆ ಮೇಡಂ?"

"ನೀವು, ನಾನು, ಅಷ್ಟೇ. ನನ್ನ ಮೇಲೆ ನಂಬಿಕೆ ಇಲ್ವಾ?"

ಇತ್ತು. ಆಕೆಯ ಬಾಣಂತನದಲ್ಲಿ ಮಗುವಿಗೆ ನೀರೆರೆದವಳೇ ಇವಳು. ತುಂಬಿದಳು. ಮೊಬೈಲ್ ನಂಬರ್ ಹಾಕದೆ ಪುಟ ಮುಂದಕ್ಕೆ ಹೋಗುತ್ತಿರಲಿಲ್ಲ. ಹೊಲಿಗೆಯವಳ ಹತ್ತಿರ ಫೋನಿಲ್ಲ. ಬೇರೆ ಮನೆಗಳಿಗೆ ಮಾಡಿದಂತೆ ಅಲ್ಲೂ ಮನೆಯಲ್ಲಿದ್ದ ಒಂದೇ ನಂಬರ್ ಹಾಕಿದಳು, ಗಂಡನದು.

ಸರಿಯಾಗಿ ಮೂರು ತಿಂಗಳಿಗೆ ಅವನ ಫೋನಿಗೆ ಕಚೇರಿಯ ಮೆಸೇಜು ಬಂತು. ಗರ್ಭನಿರೋಧಕ ಚುಚ್ಚುಮದ್ದಿಗೆ ತಪ್ಪದೆ ಬನ್ನಿ, ಅಂತ. ಅವತ್ತು ಹೊಲಿಗೆ ಮಿಷನ್ನು ಬೀದಿಗೆ ಬಿತ್ತು.

ದೊಡ್ಡಮ್ಮ ಎದ್ದುಬಿದ್ದು ಓಡಿದಳು. ಹೊಲಿಗೆಯವಳು ಹೊಸ್ತಿಲು ದಾಟಲು ಬಿಡಲಿಲ್ಲ.

"ನಮ್ಮಮ್ಮಂಗೂ ಹೇಳಿರ್ಲಿಲ್ಲ ಅಕ್ಕಾ, ನಿಮಗೊಬ್ರಿಗೇ ಹೇಳಿದ್ದೆ. ಇನ್ಮೇಲೆ ನಿಮ್ಮ ಜನಕ್ಕೆ ಏನೂ ಹೇಳಲ್ಲ."

ದೊಡ್ಡಮ್ಮ ಅಲ್ಲಿಂದ ನೇರ ಕಚೇರಿಗೆ ಹೋದಳು. ಮೇಲ್ವಿಚಾರಕಿ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ.

"ಆ ನಂಬರ್ ಹಾಕಿದ್ದು ಯಾರು?"

"ಬೇರೆ ಯಾರೂ ನೋಡಲ್ಲ ಅಂದಿದ್ರಲ್ಲ ಮೇಡಂ."

"ನಾನ್ಯಾವಾಗ ಹಾಗಂದೆ?"

ಮರುದಿನ ನೋಟಿಸು ಬಂತು, ಕರ್ತವ್ಯದಲ್ಲಿ ನಿರ್ಲಕ್ಷ್ಯ ಎಂದು. ಕೆಳಗೆ ಮೇಲ್ವಿಚಾರಕಿಯದೇ ಸಹಿ. ಏರಿದ ಏಣಿಯನ್ನು ಒದೆಯುವುದನ್ನು ಕೇಳಿದ್ದೆ, ಅವತ್ತು ಕಣ್ಣಾರೆ ಕಂಡೆ. ದೊಡ್ಡಮ್ಮನ ಮೇಲೂ ಸಿಟ್ಟು ಬಂತು. ಯಾವ ಫೋನು ಯಾರ ಜೇಬಿನಲ್ಲಿರುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲವೇ? ಬಾಯಿಬಿಟ್ಟು ಕೇಳಿಯೂಬಿಟ್ಟೆ.

"ಅವ್ರು ನಂಗೆ ಮೋಸ ಮಾಡಿದ್ರು ಕಣೇ," ಅಂದಳು. "ಅವಳಿಗೆ ಮಾಡಿದ್ದು ನಾನು."

ಈಗ ಹೊಲಿಗೆಯವಳಿಗೆ ಐದು ತಿಂಗಳು. ದೊಡ್ಡಮ್ಮನನ್ನು ಬಿಟ್ಟು, ಪಕ್ಕದ ಬಡಾವಣೆಯ ಕಾರ್ಯಕರ್ತೆಯ ಹತ್ತಿರ ಹೆಸರು ಬರೆಸಿದ್ದಾಳೆ. ಮೊನ್ನೆ ಆ ಕಾರ್ಯಕರ್ತೆ ಹುಡುಗಿ ದೊಡ್ಡಮ್ಮನ ಮನೆಗೆ ಬಂದಿದ್ದಳು.

"ಹಿಂದಿನ ಹೆರಿಗೇಲಿ ಏನಾದ್ರೂ ತೊಂದ್ರೆ ಆಗಿತ್ತಾ ಅಂತ ಕೇಳ್ದೆ ಅಕ್ಕಾ. ಏನೂ ಇಲ್ಲ, ಎಲ್ಲಾ ಸಲೀಸಾಗಿತ್ತು ಅಂದ್ಲು."

ದೊಡ್ಡಮ್ಮ ಆ ಹುಡುಗಿಯ ಫೋನನ್ನು ತಾನೇ ಅವಳ ಮುಂದಕ್ಕೆ ತಳ್ಳಿದಳು.

"ಸುಳ್ಳು. ರಕ್ತ ನಿಂತಿರ್ಲಿಲ್ಲ, ಬರ್ಕೋ. ಯಾರು ಹೇಳಿದ್ದು ಅಂತ ಅವಳು ಕೇಳ್ತಾಳೆ. ನನ್ನ ಹೆಸ್ರೇ ಹೇಳು."