ಒಲಿಂಡಾಬಾಯಿಯ ತೋಳಿನ ಕಲೆಗಳು

ಎಡ್ಮಂಡ್ ಪೊರ್ಬುಗಳ ಗಂಟಲು ದೊಡ್ಡದು, ಅದೇ ಅವರ ತಪ್ಪು. ಮಸ್ಕತ್ತಿನ ವರ್ಕ್‌ಶಾಪಿನ ಯಂತ್ರಗಳ ನಡುವೆ ಆಯುಷ್ಯ ಕಳೆದು ಕಿವಿ ಮಂದವಾದ ಮನುಷ್ಯ, 'ಚಹಾ ಕೊಡು' ಎಂದರೂ ಬೇಲಿಯಾಚೆಯ ನಮ್ಮ ಅಂಗಳಕ್ಕೆ ಕೇಳುತ್ತಿತ್ತು. ಶಂಕರಪುರದಲ್ಲಿ ಮಲ್ಲಿಗೆ ಗಿಡ ಸಾಕುವ ಗಂಡಸರು ಬೇಕಾದಷ್ಟಿದ್ದಾರೆ. ಹೆಂಡತಿ ಹೂ ಕಟ್ಟುವಾಗ ಪಕ್ಕದಲ್ಲಿ ಕುಳಿತು ಬಾಳೆನಾರು ಸೀಳಿಕೊಡುವ ಇನ್ನೊಬ್ಬ ಗಂಡನನ್ನು ನಾನು ಕಂಡಿಲ್ಲ.

ಆ ಹೆಂಡತಿಯೇ ಒಲಿಂಡಾಬಾಯಿ. ಕೊರೊನಾ ಲಸಿಕೆ ಹಾಕಿಸಿಕೊಂಡ ಕೆಲವು ದಿನಗಳಲ್ಲಿ ಅವರ ತೋಳುಗಳಲ್ಲಿ ನೀಲಿ ಕಲೆಗಳು ಕಾಣಿಸಿದವು. ಬಿದ್ದಿರಲಿಲ್ಲ, ಏನೂ ತಾಗಿರಲಿಲ್ಲ. 'ಡಾಕ್ಟರಲ್ಲಿಗೆ ಹೋಗುವ' ಎಂದು ಮೊದಲು ಹೇಳಿದವರು ಎಡ್ಮಂಡ್. ಕೂಗಿಯೇ ಹೇಳಿದರು, ಪಾಪ. ಕೂಗು ಕೇಳಿದ, ಕಲೆ ಕಂಡ ಕೇರಿ ಎರಡನ್ನೂ ಕೂಡಿಸಿ ತೀರ್ಪು ಕೊಟ್ಟಿತು: ಗಂಡ ಹೊಡೆಯುತ್ತಾನೆ.

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ! ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಕೇರಿಗೊಬ್ಬ ಮುಖ್ಯಸ್ಥ, ಗುರ್ಕಾರ, ಇರುತ್ತಾನಲ್ಲ, ಅವನ ಹೆಂಡತಿ ಲೊರ್ನಾ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಬಂದಳು. ಪ್ರಾರ್ಥನೆ ಮಾಡಿದರು, ತೋಳಿನ ಫೋಟೋ ತೆಗೆದರು, ಕುಡಿತ ಬಿಡುವಂತೆ ಎಡ್ಮಂಡರಿಗೆ ಬುದ್ಧಿ ಹೇಳಿದರು. ಆ ಮನುಷ್ಯ ಕುಡಿಯುವುದೇ ಇಲ್ಲ.

'ಇವರು ಕೈ ಎತ್ತಿಲ್ಲ ಮಾರಾಯ್ತಿ' ಎಂದರು ಒಲಿಂಡಾಬಾಯಿ.

'ಪೆಟ್ಟು ತಿಂದವರೆಲ್ಲ ಹಾಗೇ ಹೇಳುವುದು' ಎಂದಳು ಲೊರ್ನಾ.

ಹೌದೆಂದರೂ ಗಂಡ ಪಾಪಿ, ಅಲ್ಲವೆಂದರೂ ಪಾಪಿ. ಒಲಿಂಡಾಬಾಯಿಯನ್ನು ಕುಕ್ಕುಂದೂರಿನ ತಮ್ಮನ ಮನೆಗೆ ಸಾಗಿಸಿದರು. ಡಾಕ್ಟರಿಗೆ ತೋರಿಸುತ್ತೇನೆ ಎಂದು ಬೇಡುತ್ತ ಅಲ್ಲಿಗೂ ಹೋದ ಎಡ್ಮಂಡರನ್ನು ಗೇಟು ದಾಟಲು ಬಿಡಲಿಲ್ಲ.

ಅಲ್ಲಿ ಒಂದು ಬೆಳಿಗ್ಗೆ ಮೂಗಿನಿಂದ ರಕ್ತ ಬಂತು, ನಿಲ್ಲಲೇ ಇಲ್ಲ. ತಮ್ಮ ಹೆದರಿ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಓಡಿದ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಸಂಖ್ಯೆ ನೆಲಕಚ್ಚಿತ್ತು. ಮೈಯನ್ನು ಕಾಯಬೇಕಾದ ಶಕ್ತಿಯೇ ಅವನ್ನು ಶತ್ರುವೆಂದು ತಿಳಿದು ಕೊಲ್ಲುತ್ತಿದೆ, ತೋಳಿನ ಕಲೆಗಳಿಗೂ ಅದೇ ಕಾರಣ ಎಂದರು ಡಾಕ್ಟರು. ಲಸಿಕೆಯ ನಂತರ ತೀರ ಅಪರೂಪಕ್ಕೆ ಹೀಗಾಗುವುದುಂಟು, ಆದರೆ ಇದು ಅದರಿಂದಲೇ ಎಂದು ಖಂಡಿತವಾಗಿ ಹೇಳಲಾಗದು ಎಂದರು. ಇನ್ನಷ್ಟು ತಡವಾಗಿದ್ದರೆ ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವಿತ್ತಂತೆ. ಕೇಳಿ ನನ್ನ ಮೈ ಉರಿದುಹೋಯಿತು. ತಡ ಮಾಡಿಸಿದವರು ಯಾರು?

ಔಷಧಿ ನಾಟಿತು, ಒಲಿಂಡಾಬಾಯಿ ಮನೆಗೆ ಬಂದರು. ಎಡ್ಮಂಡರಲ್ಲಿ 'ತಪ್ಪಾಯಿತು' ಎನ್ನಲು ಒಬ್ಬರಾದರೂ ಬಂದರೇ? ಇಲ್ಲ. ಬದಲಿಗೆ ಅದೇ ಫೋಟೋ 'ಲಸಿಕೆಯ ಪ್ರತಾಪ ನೋಡಿ' ಎಂಬ ಒಕ್ಕಣೆಯೊಂದಿಗೆ ಕಾಪುವಿನವರೆಗೆ ಮೊಬೈಲುಗಳಲ್ಲಿ ಓಡಾಡಿತು. ನಿನ್ನೆ ಗಂಡನ ಮೇಲೆ ಸಾಕ್ಷಿ, ಇವತ್ತು ಲಸಿಕೆಯ ಮೇಲೆ ಸಾಕ್ಷಿ. ನಾಚಿಕೆ ಬೇಡವೇ ಇವರಿಗೆ? ಎಡ್ಮಂಡ್ ಪೊರ್ಬುಗಳು ಇಗರ್ಜಿಗೆ ಹೋಗುವುದನ್ನೂ ಬಿಟ್ಟಿದ್ದರು. ಅವರ ಸ್ವರ ಈಗ ನಮ್ಮ ಅಂಗಳಕ್ಕೆ ಕೇಳುತ್ತಿರಲಿಲ್ಲ.

ಒಂದು ದಿನ ನಾನು ಅವರ ಮನೆಯಲ್ಲಿ ಹೂ ಕಟ್ಟಲು ಕುಳಿತಿದ್ದಾಗ ಲೊರ್ನಾ ಕಿತ್ತಳೆ ಹಿಡಿದುಕೊಂಡು ಬಂದಳು. 'ಲಸಿಕೆಯಿಂದ ನಿಮಗೆ ಎಷ್ಟು ಅನ್ಯಾಯ ಆಯ್ತು ಅಲ್ವಾ ಬಾಯೇ? ಎರಡು ಮಾತು ಹೇಳಿ, ವಿಡಿಯೋ ಮಾಡುವ' ಎಂದು ಮೊಬೈಲು ಎತ್ತಿದಳು.

ಒಳಗೆ ಹೋಗಲು ಎದ್ದ ಗಂಡನನ್ನು ಒಲಿಂಡಾಬಾಯಿ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

'ಮಾಡಿ. ಆ ಸೂಜಿಗೆ ನನ್ನ ಗುರ್ತ ಇರಲಿಲ್ಲ ಲೊರ್ನಾ. ನಿಮಗೆ ಇವರ ಗುರ್ತ ನಮ್ಮ ಮದುವೆಯ ದಿನದಿಂದ ಉಂಟಲ್ವಾ?'

ಲೊರ್ನಾ ಮೊಬೈಲನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಕ್ಷಮೆಯ ಮಾತು ಆಗಲೂ ಅವಳ ಬಾಯಿಂದ ಬರಲಿಲ್ಲ.