ಎಡಗೆನ್ನೆಯ ಗುಳಿ

ಮೈತ್ರೇಯಿಯನ್ನು ಕಂಡರೆ ಅನುಶ್ರೀಗೆ ಮೈಯೆಲ್ಲ ಉರಿಯುತ್ತಿತ್ತು. ಕಾರಣಗಳಿಗೇನೂ ಬರವಿರಲಿಲ್ಲ. ಇಬ್ಬರೂ ಹಾಸನದ ಒಂದು ಬೆಳ್ಳಿ ಅಂಗಡಿಯ ಮಹಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ದೀಪ, ಕುಂಕುಮದ ಬಟ್ಟಲುಗಳ ಮಾದರಿ ಮಾಡುವವರು. ಆದರೆ ಅನುಶ್ರೀ ತನ್ನೂರು ದುದ್ದದಿಂದ ಬಸ್ಸಿನಲ್ಲಿ ನುಗ್ಗಾಡಿಕೊಂಡು ಬರಬೇಕು. ರುದ್ರಪಟ್ಟಣದ ಸಂಗೀತದ ಮನೆಯ ಮೈತ್ರೇಯಿ ಹಾಸನದಲ್ಲೇ ಚಿಕ್ಕಪ್ಪನ ಮನೆಯಲ್ಲಿದ್ದುಕೊಂಡು, ಮುಡಿದ ಹೂ ಬಾಡದಂತೆ ನಡೆದು ಬರುತ್ತಾಳೆ. ನಕ್ಕರೆ ಎಡಗೆನ್ನೆಯಲ್ಲಿ ಗುಳಿ. ಬಲಗೆನ್ನೆಯಲ್ಲಿ ಏನೂ ಇಲ್ಲ. ಅದನ್ನೂ ಮೆಚ್ಚುವ ಜನ! ಸಾಲದೆಂಬಂತೆ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಲು ಅಂಗಡಿಯಲ್ಲಿದ್ದ ಒಂದೇ ಒಂದು ಪೆನ್ನು, ಒತ್ತಿದಷ್ಟೂ ಆಳಕ್ಕೆ ಗೆರೆ ಕೊರೆಯುವಂಥದ್ದು, ಅವಳ ಪಾಲಿಗೆ. ಅನುಶ್ರೀಗೆ ಬರೀ ಮೌಸು.

ಎರಡು ಸಾವಿರದ ಎಂಟನೇ ಇಸವಿಯ ಯುಗಾದಿ ಕಳೆದ ಮೇಲೆ ಅಂಗಡಿಯ ಮಾಲೀಕ ಗೌರೀಶಂಕರ್ ಇಬ್ಬರನ್ನೂ ಕರೆದರು.

"ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶಕ್ಕಿಡೋ ಅಮ್ಮನವರ ಮುಖ ಈ ಸಲ ನಮ್ಮದೇ ಆಗ್ಬೇಕು. ಇಬ್ರೂ ಒಂದೊಂದು ಮಾಡಿ. ಚೆನ್ನಾಗಿರೋದನ್ನ ಅಚ್ಚು ಹಾಕಿಸ್ತೀನಿ. ಗೆದ್ದೋರೇ ಇನ್ಮೇಲೆ ಇಲ್ಲಿ ಮುಖ್ಯ ಡಿಸೈನರ್ರು."

ಅನುಶ್ರೀ ಹಲ್ಲು ಕಚ್ಚಿಕೊಂಡು ಕೂತಳು. ಸಾಫ್ಟ್‌ವೇರಿನಲ್ಲಿದ್ದ ಒಂದು ಬ್ರಶ್ಶನ್ನೂ ಬಿಡಲಿಲ್ಲ. ಉಬ್ಬಿಸುವ ಬ್ರಶ್ಶಿನಿಂದ ಕೆನ್ನೆ ತುಂಬಿಸಿದರೆ ದೇವಿಗೆ ಮಂಗನಬಾವು ಬಂದಂತಾಯಿತು. ಚಿವುಟುವ ಬ್ರಶ್ಶಿನಿಂದ ಮೂಗು ತಿದ್ದಿದರೆ ಗಿಳಿಯ ಕೊಕ್ಕಾಯಿತು. ನಯ ಮಾಡುವ ಬ್ರಶ್ಶು ಆಡಿಸಿದರೆ ಕಣ್ಣಿನ ರೆಪ್ಪೆಯೇ ಅಳಿಸಿಹೋಯಿತು. ಕೊನೆಗೆ ಬ್ರಶ್ಶನ್ನು ಸಣ್ಣದು ಮಾಡಿ, ಅದರ ಬಲ ತಗ್ಗಿಸಿ, ರಂಗೋಲಿ ಎಳೆ ಬಿಟ್ಟಷ್ಟು ಹಗುರವಾಗಿ ಎಳೆದಾಗ ಹಿಡಿತ ಸಿಕ್ಕಿತು. ನಡುನಡುವೆ ಪಕ್ಕದ ಮೈತ್ರೇಯಿಯ ಕಡೆಗೆ ಕಣ್ಣು ಹಾಯುವುದು ಮಾತ್ರ ತಪ್ಪಲಿಲ್ಲ. ಅವಳದು ಎಲ್ಲಿಗೆ ಬಂತು? ಯಾಕೆ ನಗುತ್ತಿದ್ದಾಳೆ?

ಮುಖವೇನೋ ಮುಗಿಯಿತು, ಜೀವ ಬರಲಿಲ್ಲ. ಒಂದು ಕಡೆ ಮಾಡಿದ್ದನ್ನೇ ಇನ್ನೊಂದು ಕಡೆಗೂ ತಾನಾಗಿ ಮಾಡುವ ಏರ್ಪಾಡು ಆ ಸಾಫ್ಟ್‌ವೇರಿನಲ್ಲಿತ್ತು. ರೋಸಿಹೋಗಿ ಅದನ್ನು ನಿಲ್ಲಿಸಿದಳು. ಉಬ್ಬಿಸುವ ಬ್ರಶ್ಶನ್ನು ತಗ್ಗು ಮಾಡುವಂತೆ ತಿರುಗಿಸಿ ಎಡಗೆನ್ನೆಯ ಮೇಲೆ ಮೆತ್ತಗೆ ಒಮ್ಮೆ ಒತ್ತಿದಳು. ಅಮ್ಮನವರು ನಕ್ಕೇಬಿಟ್ಟರು.

ಗೌರೀಶಂಕರ್ ಎರಡನ್ನೂ ನೋಡಿ ಅನುಶ್ರೀಯ ಪರದೆಯ ಮುಂದೆ ನಿಂತರು.

"ಇದೇ ಕಣಮ್ಮ! ನಮ್ಮ ಮನೆ ಮಗಳೇ ಬಂದು ಕೂತ ಹಾಗಿದೆ."

ಮೈತ್ರೇಯಿಯೂ ಬಗ್ಗಿ ನೋಡಿದಳು. ಅವಳ ಕೈ ಮೆಲ್ಲಗೆ ತನ್ನ ಕೆನ್ನೆಗೆ ಹೋಯಿತು. "ತುಂಬಾ ಚೆನ್ನಾಗಿದೆ ಅನು" ಎಂದು ನಕ್ಕಳು. ಹೊಟ್ಟೆಕಿಚ್ಚು ಮುಚ್ಚಿಕೊಳ್ಳಲು ನಗುತ್ತಿದ್ದಾಳೆ ಎಂದುಕೊಂಡು ಅನುಶ್ರೀ ಹಿರಿಹಿರಿ ಹಿಗ್ಗಿದಳು. ಅವತ್ತು ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಬೇಸರವಾಗಲಿಲ್ಲ.

ಶ್ರಾವಣದ ಹಬ್ಬಕ್ಕೆ ಅಂಗಡಿಯವರು ಕೊಟ್ಟ ಬೆಳ್ಳಿಯ ಮುಖವನ್ನು ಅವ್ವ ಚಿಕ್ಕಲಕ್ಷ್ಮಮ್ಮ ಕಲಶಕ್ಕೆ ಕಟ್ಟಿ, ಸೀರೆ ಉಡಿಸಿ, ಕುಂಕುಮ ಇಟ್ಟು, ಹೂ ಮುಡಿಸಿದಳು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದವಳು ಹಾಗೇ ನಿಂತಳು.

"ಅಲ್ಲ ಕಣವ್ವ, ಸಂಕ್ರಾಂತೀಲಿ ಎಳ್ಳು ಕೊಡಕ್ಕೆ ಬಂದಿದ್ಲಲ್ಲ ನಿನ್ ಜೊತೆ ಕೆಲ್ಸ ಮಾಡೋ ಉಡ್ಗಿ, ರುದ್ರಪಟ್ಣದೋಳು, ಅವ್ಳಂಗೇ ಐತಲ್ಲ! ಅದೇ ಗುಳಿ, ಒಂದೇ ಕೆನ್ನೇಲಿ."

ಅನುಶ್ರೀ ನೋಡಿದಳು. ಅದೇ ಮೂಗು, ಅದೇ ತುಟಿ, ಅದೇ ಹುಬ್ಬು. ಅಷ್ಟು ದಿನ ಹೊಟ್ಟೆ ಉರಿದುಕೊಂಡು ಕದ್ದು ಕದ್ದು ನೋಡಿದ್ದೆಲ್ಲ ಬೆಳ್ಳಿಯಾಗಿ ಎದುರಿಗೆ ಕೂತಿತ್ತು. ಹಾಸನದಲ್ಲಿ, ಹೊಳೆನರಸೀಪುರದಲ್ಲಿ, ಅರಕಲಗೂಡಿನಲ್ಲಿ, ಚನ್ನರಾಯಪಟ್ಟಣದಲ್ಲಿ, ಆ ಅಂಗಡಿಯ ಮುಖ ಕೊಂಡ ಮನೆಮನೆಯಲ್ಲೂ ಈ ಹೊತ್ತು ಮೈತ್ರೇಯಿಗೆ ಆರತಿ.

"ಅವ್ಳ್ನ ಕಂಡ್ರೆ ಅಷ್ಟೊಂದು ಇಷ್ಟನೇನವ್ವ ನಿಂಗೆ?" ಎಂದಳು ಅವ್ವ. ಅನುಶ್ರೀ ಆ ಗುಳಿಯನ್ನೇ ನೋಡುತ್ತಿದ್ದಳು.

"ಸುಮ್ಕೆ ನಿಂತ್ಕಂಡ್ರೆ ಆಯ್ತದಾ? ಕೈ ಮುಗಿ."

ಹೊಟ್ಟೆ ಧಗಧಗ ಉರಿಯುತ್ತಿತ್ತು. ಅನುಶ್ರೀ ಕೈ ಮುಗಿದಳು.