ಕಡಬದ ಜೀಪು ಮತ್ತು ಸರ್ ಬರೆದ ಚೌಕಗಳು

ಮೊನ್ನೆ ಆಫೀಸಿನ ಪ್ರಿಂಟರಿನಿಂದ ಬಿಸಿ ಹಾಳೆಗಳು ಹೊರಬರುವಾಗ ಮಸಿಯ ವಾಸನೆ ಮೂಗಿಗೆ ಬಡಿಯಿತು. ಹೊಸದಾಗಿ ಸೇರಿದವರಿಗೆ ಸಂಖ್ಯಾಶಾಸ್ತ್ರದ ಪ್ರೋಗ್ರಾಮಿಂಗ್ ಕಲಿಸಲು ನಾನು ಬರೆದ ಪಾಠ ಅದು. ಹಲವು ಮ್ಯಾಟ್ರಿಕ್ಸ್‌ಗಳನ್ನು ಒಂದು ಲಿಸ್ಟಿಗೆ ಹಾಕಿ ಸಾಲಾಗಿ ಗುಣಿಸುವ ಕ್ರಮ. ಆ ವಾಸನೆಗೆ ಪುತ್ತೂರಿನ ಕಾಲೇಜು, ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳು, ಅವನ್ನು ಹಂಚುತ್ತಿದ್ದ ನಮ್ಮ ಸರ್... ಎಲ್ಲ ನೆನಪಾಯಿತು.

ಎಂಬತ್ತರ ದಶಕದ ಕೊನೆ. ಕಡಬದಿಂದ ಆಚೆಯ ಹಳ್ಳಿಯಿಂದ ಡಿಗ್ರಿ ಓದಲು ಬರುತ್ತಿದ್ದೆ. ಊರಿನ ಜೀಪು ಕಡಬ ಮುಟ್ಟುವಾಗ ಪುತ್ತೂರಿನ ಬಸ್ಸು ಹೋಗಿ ಆಗಿರುತ್ತಿತ್ತು. ಮುಂದಿನ ಬಸ್ಸಿನಲ್ಲಿ ಬಂದರೆ ಮೊದಲ ಪಿರಿಯಡ್ ಮುಗಿದಿರುತ್ತಿತ್ತು. ಅದೇ ಸರ್ ಅವರ ಸಂಖ್ಯಾಶಾಸ್ತ್ರ. ಹಾಜರಿ ಸಾಲದವರನ್ನು ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಕಾಲೇಜಿನಲ್ಲಿ ಹೇಳಿದಾಗ ಅಪ್ಪ ಕೇಳಿದರು, "ಪರೀಕ್ಷೆಗೇ ಬಿಡದಿದ್ದರೆ ದಿನಾ ಹೋಗುದು ಯಾಕೆ?"

ಓದು ನಿಲ್ಲಿಸುತ್ತೇನೆಂದು ಹೇಳಲು ಸ್ಟಾಫ್ ರೂಮಿಗೆ ಹೋದೆ. ಸರ್ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವರ ಮುಖದಲ್ಲಿ ಕಂಡದ್ದು ಬರೀ ಕುತೂಹಲ.

"ಜೀಪು ಎಷ್ಟು ಹೊತ್ತಿಗೆ ಹೊರಡುದು? ದಾರಿಯಲ್ಲಿ ಯಾವ ಊರೆಲ್ಲ ಉಂಟು?"

ಆಮೇಲೊಂದು ದಿನ ಬೋರ್ಡಿನ ತುಂಬ ಚೌಕಗಳನ್ನು ಬರೆದರು. ಮೊದಲ ಪಿರಿಯಡ್ ಶುರುವಾಗುವವರೆಗೆ ಬೆಳಗಿನ ಒಂದೊಂದು ಅರ್ಧ ಗಂಟೆಗೆ ಒಂದೊಂದು ಮ್ಯಾಟ್ರಿಕ್ಸ್. ಅಡ್ಡಸಾಲು ನಾವಿರುವ ಊರು, ಕಂಬಸಾಲು ನಾವು ಮುಟ್ಟುವ ಊರು. ಮುಟ್ಟಬಹುದಾದರೆ ಒಂದು, ಇಲ್ಲದಿದ್ದರೆ ಸೊನ್ನೆ. ಇದ್ದಲ್ಲೇ ಕಾಯುವುದಕ್ಕೂ ಒಂದು. ಎಲ್ಲವನ್ನೂ ಹೊತ್ತಿನ ಕ್ರಮದಲ್ಲೇ ಗುಣಿಸುತ್ತಾ ಹೋದರು.

"ಹಿಂದುಮುಂದಾಗಿ ಗುಣಿಸಿದರೆ ಸರ್?" ಎಂದು ಅಜ್ಜಾವರದಿಂದ ಬರುತ್ತಿದ್ದ ಗೆಳತಿ ಕೇಳಿದಳು.

"ಹೋಗಿಯಾದ ಬಸ್ಸನ್ನು ಆಮೇಲೆ ಹತ್ತಲಿಕ್ಕೆ ಆಗ್ತದಾ?"

ಕೊನೆಗೆ ನನ್ನ ಊರಿನ ಸಾಲಿನಲ್ಲಿ, ಪುತ್ತೂರಿನ ಕೆಳಗೆ, ಸೊನ್ನೆಯೇ ಬಂತು. ಸರ್ ಜೀಪಿನ ಗುರುತುಗಳನ್ನು ಅಳಿಸಿ, ಒಂದು ಚೌಕ ಹಿಂದಕ್ಕೆ, ಅಂದರೆ ಅರ್ಧ ಗಂಟೆ ಮೊದಲಿಗೆ, ಬರೆದು ಮತ್ತೆ ಗುಣಿಸಿದರು. ಸೊನ್ನೆ ಹೋಯಿತು. ನನ್ನದಷ್ಟೇ ಅಲ್ಲ, ದಾರಿಯ ಇನ್ನೆರಡು ಹಳ್ಳಿಗಳ ಸೊನ್ನೆಯೂ ಹೋಯಿತು. "ಓಹೋ, ಇದು ನಾನು ಎಣಿಸಿರಲಿಲ್ಲ!" ಎಂದು ಅವರು ಸೀಮೆಸುಣ್ಣ ಹಿಡಿದೇ ನಕ್ಕರು.

ಶನಿವಾರ ಕ್ಲಾಸು ಬಿಟ್ಟ ಮೇಲೆ ನನ್ನೊಟ್ಟಿಗೆ ಕಡಬಕ್ಕೇ ಬಂದರು. ಜೀಪಿನವರು ಒಪ್ಪಲಿಲ್ಲ. "ಜನ ತುಂಬದೆ ಬಿಡುದು ಹೇಗೆ ಮಾಷ್ಟ್ರೇ?"

"ಬಸ್ಸು ಸಿಕ್ಕುದಿಲ್ಲ ಅಂತ ಗೊತ್ತಿದ್ದವರು ಬರುದೇ ಇಲ್ಲ. ಮತ್ತೆ ತುಂಬುದು ಹೇಗೆ? ಸ್ವಲ್ಪ ಬೇಗ ಬಿಟ್ಟು ನೋಡಿ ಮಾರಾಯ್ರೆ."

ಜೀಪಿನವರು ಚೌಕಗಳ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದರಲ್ಲಿ ನನ್ನ ಜೀಪು ಎಲ್ಲಿ ಉಂಟು?"

ಸರ್ ಬೆರಳಿಟ್ಟು ತೋರಿಸಿದರು. "ಆಯ್ತು, ಒಂದು ವಾರ ನೋಡುವ," ಎಂದರು ಜೀಪಿನವರು.

ಮೊದಮೊದಲು ಜೀಪು ಅರ್ಧ ಖಾಲಿ. ಜೀಪಿನವರ ಮುಖ ನೋಡಲು ನನಗೆ ಹೆದರಿಕೆ. ಮತ್ತೆ ಪುತ್ತೂರಿನ ಆಸ್ಪತ್ರೆಗೆ ಹೋಗುವವರು, ಹೊಲಿಗೆ ಕಲಿಯಲು ಹೋಗುವ ಹುಡುಗಿಯರು ಒಬ್ಬೊಬ್ಬರಾಗಿ ಹತ್ತಿದರು. ವಾರ ಕಳೆಯುವಾಗ ಹಿಂದಿನ ಮೆಟ್ಟಿಲಲ್ಲೂ ಜನ. ನನ್ನ ಹಾಜರಿ ತುಂಬಿತು, ಪರೀಕ್ಷೆ ಬರೆದೆ. ಅಪ್ಪ ಮತ್ತೆ ಆ ಮಾತು ಎತ್ತಲಿಲ್ಲ.

ಕೆಲಸ ಸಿಕ್ಕಿ ಮೈಸೂರಿಗೆ ಬಂದ ಮೇಲೆ ಸರ್ ಅವರನ್ನು ಕಾಣಲು ಹೋಗಬೇಕೆಂದುಕೊಂಡೇ ವರ್ಷಗಳು ಕಳೆದವು... ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದೂ ತಡವಾಗಿ.

ಮೊನ್ನೆಯ ಪಾಠಕ್ಕೆ ಸರ್ ಬರೆದ ಅದೇ ಚೌಕಗಳನ್ನು ತೆಗೆದುಕೊಂಡು, ಸುಳ್ಯ, ಸುಬ್ರಹ್ಮಣ್ಯದ ಬಸ್ಸುಗಳನ್ನೂ ಸೇರಿಸಿ ದೊಡ್ಡ ಲಿಸ್ಟ್ ಮಾಡಿದ್ದೆ. ಒಂದೇ ಸಾಲಿನ ಆಜ್ಞೆ, ಕೀಲಿಯಿಂದ ಬೆರಳು ತೆಗೆಯುವ ಮೊದಲೇ ಉತ್ತರ. ಸರ್ ಇದ್ದಿದ್ದರೆ ಇದನ್ನು ನೋಡಿ ಏನೇನು ಕೇಳುತ್ತಿದ್ದರೋ... ಅದೊಂದನ್ನು ನಾನು ಊಹಿಸಲಾರೆ.